ಗಾಲ್ಫ್ ಜಿಟಿಐ: ತುಕ್ಕಿನಿಂದ ಮರಳಿ ರಸ್ತೆಗೆ

1975ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಫೋಕ್ಸ್‌ವ್ಯಾಗನ್ ಈ ಪುಟ್ಟ ಕಾರನ್ನು ಜನರ ಮುಂದಿಟ್ಟಿತು. ತಯಾರಿಸಲು ಅಂದುಕೊಂಡದ್ದು 5,000. ಮೊದಲ ಪೀಳಿಗೆಯೇ 4.5 ಲಕ್ಷ ದಾಟಿತು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ ಸುಮಾರು 800 ಕೆ.ಜಿ. ಅದರ ಚುರುಕಿನ ಗುಟ್ಟು ಇಷ್ಟೇ.

ಹವ್ಯಾಸಕ್ಕೆಂದು ಇದನ್ನು ಜೀರ್ಣೋದ್ಧಾರ ಮಾಡುವವರ ದೊಡ್ಡ ಶತ್ರು ತುಕ್ಕು. ಪೆಟ್ರೋಲ್ ತುಂಬುವ ಕೊಳವೆಗೆ ತುಕ್ಕು ಹತ್ತಿದರೆ, ಉದುರಿದ ಪುಡಿ ಟ್ಯಾಂಕಿಗಿಳಿದು, ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಧನ ವಿತರಕದ ಕೂದಲೆಳೆಯಂಥ ಸೀಳುಗಳವರೆಗೂ ತಲುಪಬಲ್ಲದು. ಆಗ ಎಂಜಿನ್ ಮುಗ್ಗರಿಸುತ್ತದೆ. ಹಾಗಾಗಿ ಕತ್ತರಿಸುವುದು, ಬೆಸೆಯುವುದು ಮೊದಲು. ಬಣ್ಣ ಎಷ್ಟೋ ಆಮೇಲೆ.

ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಿ ಕಲ್ಪಿಸಿದ ಚೌಕಳಿ ಸೀಟುಬಟ್ಟೆ, ಗಾಲ್ಫ್ ಚೆಂಡಿನಾಕಾರದ ಗೇರ್ ಹಿಡಿ ಈ ಕಾರಿನ ಜೀವಾಳ. ನಿಮ್ಮ ಕಾರಿನಲ್ಲಿ ಇವು ಮೂಲದವೇ ಉಳಿದಿದ್ದರೆ, ಸವೆದಿದ್ದರೂ ಸರಿ, ದಯವಿಟ್ಟು ಬದಲಿಸಬೇಡಿ.