ತುಂಗೆಯ ಪಟ್ಟೆ ಮೀನು ಮತ್ತು ನಲವತ್ತು ದಿನದ ವನವಾಸ

ಬೆಂಗಳೂರಿನ ಯಾವುದಾದರೂ ಅಕ್ವೇರಿಯಂ ಅಂಗಡಿಗೆ ಹೋಗಿ. ಗಪ್ಪಿ, ಮೋಲಿ, ಗೋಲ್ಡ್ ಫಿಶ್‌ಗಳ ಸಾಲು ದಾಟಿದ ಮೇಲೆ ಒಂದು ಮೂಲೆಯ ತೊಟ್ಟಿಯಲ್ಲಿ, ಪೈಪಿನ ತುಂಡಿನೊಳಗೆ ಒಂದರ ಮೇಲೊಂದು ಬಿದ್ದುಕೊಂಡಿರುವ ಪಟ್ಟೆ ಪಟ್ಟೆ ಮೀನುಗಳು ಕಾಣಬಹುದು. ಬಾಯಿ ಕೆಳಗೆ, ಬಾಯಿಯ ಸುತ್ತ ಪುಟ್ಟ ಮೀಸೆ. ಏನು ಮೀನು ಅಂತ ಕೇಳಿದರೆ "ಲೋಚ್ ಸಾರ್, ಇಂಪೋರ್ಟೆಡ್" ಅನ್ನುವವರೂ ಇದ್ದಾರೆ. ಇಂಪೋರ್ಟೆಡ್ ಹೌದೋ ಅಲ್ಲವೋ ಅನ್ನುವುದು ಮೀನಿನ ಮೈಮೇಲೇ ಬರೆದಿರುತ್ತದೆ. ಮೈಮೇಲೆ ಸಣ್ಣ ಸಣ್ಣ ಪಟ್ಟೆಗಳು ಒತ್ತೊತ್ತಾಗಿ ಇದ್ದರೆ ಅದರ ತವರುಮನೆ ಸಿಂಗಾಪುರ ಅಲ್ಲ, ನಮ್ಮ ಪಶ್ಚಿಮ ಘಟ್ಟ. ಅದಕ್ಕೆ ಶಾಸ್ತ್ರೀಯ ಹೆಸರು ಬಿದ್ದದ್ದು ತುಂಗಾ ನದಿಯಲ್ಲಿ ಸಿಕ್ಕಿದ ಮೀನಿನಿಂದ!

ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಜೀವಶಾಸ್ತ್ರಕ್ಕೆ ಪಿಯುಸಿಯಲ್ಲೇ ಕೈ ಮುಗಿದವನು. ಆದರೂ ಈ ಲೋಚ್‌ಗಳನ್ನು ಮನೆಗೆ ತಂದ ಮೇಲೆ ಎರಡು ವಿಷಯಗಳ ಹಿಂದೆ ಬಿದ್ದೆ. ಒಂದು, ತಂದ ಮೀನು ಯಾವುದು ಅಂತ ಗುರುತಿಸುವುದು. ಎರಡು, ಹಳೆಯ ಮೀನುಗಳ ಜೊತೆ ಬಿಡುವ ಮೊದಲು ಅದನ್ನು ಬೇರೆ ಇಡುವುದು, ಅಂದರೆ ಕ್ವಾರಂಟೈನ್. ಎರಡಕ್ಕೂ ಒಳ್ಳೆಯ ಚರಿತ್ರೆ ಇದೆ. ಎರಡೂ ಮೀನಿಗೆ ಕೇಳುವ ಪ್ರಶ್ನೆ ಒಂದೇ: "ಎಲ್ಲಿಂದ ಬಂದೆಯಪ್ಪಾ?"

ಮೊದಲು ಹೆಸರಿನ ಕಥೆ. ಫ್ರಾನ್ಸಿಸ್ ಬುಕಾನನ್ ನಮಗೆಲ್ಲ ಗೊತ್ತಿರುವವನೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ಊರೂರಿನ ಬೆಳೆ, ಜಾತಿ, ಕಸುಬು ಎಲ್ಲ ಬರೆದಿಟ್ಟ ಡಾಕ್ಟರು. ಆತ ಮುಂದೆ ಬಂಗಾಳದ ಸರ್ವೆ ಮಾಡುವಾಗ ಮೀನುಗಳನ್ನೂ ಬಿಡಲಿಲ್ಲ. 1815ರಲ್ಲಿ ದೇಶಕ್ಕೆ ಹೊರಟಾಗ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಅವನು ಬರೆಸಿದ್ದ ಚಿತ್ರಗಳನ್ನು ಕಲ್ಕತ್ತೆಯಲ್ಲೇ ಉಳಿಸಿಕೊಂಡ. ಆದರೂ 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಅವನ ಪುಸ್ತಕ ಹೊರಬಂತು. ಇಂದು ಅಂಗಡಿಗಳಲ್ಲಿ ಸಿಗುವ 'ಬೋಟಿಯಾ ಡಾರಿಯೋ', ಅಂದರೆ ಬೆಂಗಾಲ್ ಲೋಚ್, ಆ ಪುಸ್ತಕದ್ದೇ. ಬುಕಾನನ್ನನ ಒಂದು ಒಳ್ಳೆಯ ಗುಣವೆಂದರೆ ಬೆಸ್ತರು ಕರೆಯುತ್ತಿದ್ದ ಹೆಸರುಗಳನ್ನೇ ಎಷ್ಟೋ ಮೀನುಗಳಿಗೆ ಇಟ್ಟದ್ದು. ರೋಹು ಮೀನು 'ರೋಹಿತ' ಆದದ್ದು, ಕಾಟ್ಲಾ 'ಕಾಟ್ಲಾ' ಆಗಿಯೇ ಉಳಿದದ್ದು ಹಾಗೆ.

ತುಂಗೆಯ ಮೀನು ಇನ್ನೂ ಸುಮಾರು ನೂರು ವರ್ಷ ಕಾಯಬೇಕಾಯಿತು. 1920ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರ್ ಸಿ. ಆರ್. ನಾರಾಯಣ ರಾವ್ ಮೈಸೂರು ಸಂಸ್ಥಾನದ ಹೊಸ ಮೀನುಗಳ ಬಗ್ಗೆ ಒಂದು ಲೇಖನವನ್ನು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದರಲ್ಲಿ ಈ ಪಟ್ಟೆ ಮೀನು 'ಬೋಟಿಯಾ ಸ್ಟ್ರಯಾಟಾ' ಆಯಿತು. ಸ್ಟ್ರಯಾಟಾ ಅಂದರೆ ಲ್ಯಾಟಿನ್ನಿನಲ್ಲಿ ಪಟ್ಟೆ ಇರುವುದು, ಅಷ್ಟೆ. ಅಂಗಡಿಯವರ ಬಾಯಲ್ಲಿ ಇದು ಜೀಬ್ರಾ ಲೋಚ್.

ನಾರಾಯಣ ರಾವ್ ಅವರ ಬಗ್ಗೆ ಓದುತ್ತಾ ಹೋದಂತೆ ನನಗೆ ಆಶ್ಚರ್ಯ ಹೆಚ್ಚಾಯಿತು. 1932ರಲ್ಲಿ ಬೆಂಗಳೂರಿನಿಂದ ಶುರುವಾದ, ಇಂದಿಗೂ ಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು ಇವರೇ. 1937ರಲ್ಲಿ ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಹೊಸದಾಗಿ ವರ್ಣಿಸಿದರು. ಕಾಲೇಜಿನಲ್ಲಿ ಇಟ್ಟಿದ್ದ ಆ ಕಪ್ಪೆಗಳ ಮೂಲ ಮಾದರಿಗಳು ಆಮೇಲೆ ಕಳೆದುಹೋದವು. 2010ರಲ್ಲಿ ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ ಇವರ ನೆನಪಿನಲ್ಲಿ 'ರಾಓರ್ಕೆಸ್ಟಿಸ್' ಎಂದು ಹೆಸರಿಟ್ಟರು. ಸೆಂಟ್ರಲ್ ಕಾಲೇಜಿನ ಮುಂದೆ ದಿನಾ ಬಸ್ಸಿನಲ್ಲಿ ಹೋಗುವ ನಮಗೆ ಈ ಹೆಸರು ಗೊತ್ತೇ ಇರುವುದಿಲ್ಲ. ಇರಲಿ ಬಿಡಿ, ಮೀನಿಗೆ ವಾಪಸ್ ಬರೋಣ.

ಗುರುತಿಸುವುದು ಹೇಗೆ? ಪಟ್ಟೆಗಳನ್ನು ನೋಡಿ. ಸ್ಟ್ರಯಾಟಾದಲ್ಲಿ ಕಪ್ಪು-ಕಂದು ಪಟ್ಟೆಗಳ ನಡುವೆ ತೆಳು ಹಳದಿ ಗೆರೆಗಳು, ಮೂತಿಯಿಂದ ಬಾಲದವರೆಗೆ ಒತ್ತಾಗಿ. ಉದ್ದ ಹತ್ತು ಸೆಂ.ಮೀ. ಒಳಗೆ. ಡಾರಿಯೋದಲ್ಲಿ ಏಳೆಂಟು ಅಗಲವಾದ ಕಪ್ಪು ಪಟ್ಟೆಗಳು, ನಡುವೆ ಬಂಗಾರದ ಬಣ್ಣ. ಕಿತ್ತಳೆ ಮೈಮೇಲೆ ಮೂರೇ ಮೂರು ದಪ್ಪ ಕಪ್ಪು ಪಟ್ಟೆ ಇದ್ದರೆ ಅದು ಕ್ಲೌನ್ ಲೋಚ್. ಇದು ನಿಜವಾಗಿಯೂ ಇಂಪೋರ್ಟೆಡ್ :) ಸುಮಾತ್ರಾ, ಬೋರ್ನಿಯೋ ನದಿಗಳದ್ದು. ಬಟೇವಿಯಾದಲ್ಲಿ ಸೈನ್ಯದ ಡಾಕ್ಟರಾಗಿದ್ದ ಡಚ್ಚರ ಪೀಟರ್ ಬ್ಲೀಕರ್ 1852ರಲ್ಲಿ ವರ್ಣಿಸಿದ್ದು. ಅಂಗಡಿಯಲ್ಲಿ ಬೆರಳುದ್ದ ಇರುವ ಈ ಮೀನು ವರ್ಷಗಳು ಕಳೆದಂತೆ ಒಂದಡಿಯವರೆಗೂ ಬೆಳೆಯಬಲ್ಲದು.

ಗೊಂದಲ ಇರುವುದು 'ಯೋಯೋ' ಲೋಚ್‌ನಲ್ಲಿ. ಇಂಗ್ಲಿಷಿನ ವೈ ಅಕ್ಷರದ ಆಕಾರದ ಪಟ್ಟೆಗಳಿಂದ ಬಂದ ಹೆಸರು. ಗ್ರೇ 1831ರಲ್ಲಿ ಹೆಸರಿಸಿದ 'ಆಲ್ಮೋರೇ', ಚೌಧುರಿ 1912ರಲ್ಲಿ ಹೆಸರಿಸಿದ 'ಲೋಹಾಚಾಟಾ' ಎರಡೂ ವ್ಯಾಪಾರದಲ್ಲಿ ಕಲಸುಮೇಲೋಗರ ಆಗಿಬಿಟ್ಟಿವೆ. ಇನ್ನು 'ಸಕಿಂಗ್ ಲೋಚ್' ಅಂತ ಮಾರುವ, ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಮೀನು ಲೋಚ್ ಅಲ್ಲವೇ ಅಲ್ಲ, ಅದು ಥಾಯ್ಲೆಂಡ್ ಕಡೆಯ ಗೈರಿನೋಕೈಲಸ್. ಅನುಮಾನ ಬಂದರೆ ಒಂದು ಉಪಾಯ: ಬೋಟಿಯಾ ಜಾತಿಗಳಿಗೆ ಕಣ್ಣಿನ ಕೆಳಗೆ ಒಂದು ಮಡಚುವ ಮುಳ್ಳು ಇರುತ್ತದೆ. ಹೆದರಿದಾಗ ಅದು ಹೊರಗೆ ಬಂದು ನಿಲ್ಲುತ್ತದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್ ಕವರನ್ನೂ ತೂತು ಮಾಡುತ್ತದೆ. ಅದಕ್ಕೇ ತರುವಾಗ ಎರಡು ಕವರ್ ಹಾಕಿಸಿಕೊಳ್ಳಿ.

ಹೆಸರು ಗೊತ್ತಾದರೆ ಏನು ಲಾಭ? ಇಲ್ಲೇ ವಿಷಯ ಗಂಭೀರವಾಗುವುದು. ಸ್ಟ್ರಯಾಟಾ ಮನೆಯ ತೊಟ್ಟಿಯಲ್ಲಿ ಮರಿ ಮಾಡುವ ಮೀನಲ್ಲ. ಅಂಗಡಿಗೆ ಬಂದದ್ದು ಹೊಳೆಯಲ್ಲೇ ಹಿಡಿದದ್ದು ಅಂದುಕೊಳ್ಳುವುದು ಕ್ಷೇಮ. ಇದು ಸಿಗುವುದು ಕೃಷ್ಣಾ ನದಿ ಬಳಗದ ಘಟ್ಟದ ಹೊಳೆಗಳಲ್ಲಿ, ಇತ್ತ ತುಂಗೆ, ಅತ್ತ ಕೊಲ್ಲಾಪುರದ ಕಡೆ. 2011ರ ಕೆಂಪು ಪಟ್ಟಿಯ ಮೌಲ್ಯಮಾಪನದಲ್ಲಿ ಇದು ಅಳಿವಿನಂಚಿನ ಜಾತಿ. 2005ರಿಂದ 2012ರವರೆಗೆ ಭಾರತದಿಂದ ಅಪಾಯದಲ್ಲಿರುವ ಕನಿಷ್ಠ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಅಕ್ವೇರಿಯಂಗಳಿಗಾಗಿ ರಫ್ತಾದವು ಎಂದು 2013ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅದರಲ್ಲಿ ದೊಡ್ಡ ಪಾಲು ಇದ್ದದ್ದು ಮೂರೇ ಜಾತಿಗಳದ್ದು. ಅವುಗಳಲ್ಲಿ ಒಂದು ನಮ್ಮ ತುಂಗೆಯ ಈ ಪಟ್ಟೆ ಮೀನು.

ಅಂದರೆ ನಿಮ್ಮ ತೊಟ್ಟಿಯಲ್ಲಿ ಒಂದು ಸತ್ತರೆ, ಅದರ ಬದಲಿಗೆ ಬರುವುದು ಹೊಳೆಯಿಂದ ಇನ್ನೊಂದು. ಕ್ವಾರಂಟೈನ್ ಅನ್ನುವುದು ಬರೀ ನಮ್ಮ ಹಳೆಯ ಮೀನುಗಳ ರಕ್ಷಣೆಗೆ ಅಲ್ಲ, ಹೊಸದಾಗಿ ಬಂದದ್ದನ್ನು ಉಳಿಸಿಕೊಳ್ಳುವುದಕ್ಕೆ.

2020ರ ನಂತರ ಕ್ವಾರಂಟೈನ್ ಪದ ಗೊತ್ತಿಲ್ಲದ ಅಜ್ಜಿಯೂ ಇಲ್ಲ. ಆದರೆ ಪದ್ಧತಿ ಆರೂವರೆ ಶತಮಾನ ಹಳೆಯದು. 1377ರಲ್ಲಿ ಆಡ್ರಿಯಾಟಿಕ್ ಸಮುದ್ರದ ದಡದ ರಗೂಸಾ ಪಟ್ಟಣ, ಇಂದಿನ ಡುಬ್ರೊವ್ನಿಕ್, ಪ್ಲೇಗು ಇರುವ ಊರಿನಿಂದ ಬಂದವರು ಒಂದು ತಿಂಗಳು ಹೊರಗೇ ಇರಬೇಕೆಂದು ಕಾನೂನು ಮಾಡಿತು. ಮೂವತ್ತು ಆಮೇಲೆ ನಲವತ್ತಾಯಿತು. ಇಟಾಲಿಯನ್ನಿನ ನಲವತ್ತೇ 'ಕ್ವಾರಂಟಾ'. ಅವರಿಗೆ ರೋಗಾಣು ಅಂದರೆ ಏನೆಂದು ಗೊತ್ತಿರಲಿಲ್ಲ. ಕಾದು ನೋಡಿದರೆ ಒಳಗಿರುವ ರೋಗ ಹೊರಗೆ ಬರುತ್ತದೆ ಅನ್ನುವುದಷ್ಟೇ ಗೊತ್ತಿತ್ತು.

ಲೋಚ್‌ಗಳಿಗೆ ಕಾಯಬೇಕಾದ ಮೊದಲ ಶತ್ರು ಬಿಳಿ ಚುಕ್ಕೆ ರೋಗ, ಅಕ್ವೇರಿಯಂನವರ ಭಾಷೆಯಲ್ಲಿ 'ಇಚ್'. 1876ರಲ್ಲಿ ಫ್ರಾನ್ಸಿನ ಫೂಕೆ ಈ ಏಕಕೋಶ ಜೀವಿಗೆ ಇಟ್ಟ ಹೆಸರಿನ ಅರ್ಥ ಹೆಚ್ಚುಕಡಿಮೆ 'ಬಹುಸಂತಾನದ ಮೀನು ಹೇನು'. ಹೆಸರು ಸರಿಯಾಗೇ ಇದೆ! ಚರ್ಮದೊಳಗೆ ಕೂತು ತಿಂದು ದಪ್ಪಗಾದದ್ದು ಕೆಳಗೆ ಉದುರುತ್ತದೆ, ತಳದಲ್ಲಿ ಒಂದು ಚಿಪ್ಪು ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳಿಗೆ ಎರಡು ದಿನದ ಆಸುಪಾಸಿನಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿ ತಟ್ಟುವುದು ಈಜಾಡುವ ಆ ಮರಿಗಳಿಗೆ ಮಾತ್ರ. ಚರ್ಮದೊಳಗಿನದಕ್ಕೂ ಚಿಪ್ಪಿನೊಳಗಿನದಕ್ಕೂ ಇಲ್ಲ. ಅದಕ್ಕೇ ಒಂದು ಸಲ ಔಷಧಿ ಹಾಕಿ ಚುಕ್ಕೆ ಹೋಯಿತು ಅಂತ ನಿಲ್ಲಿಸಿದರೆ ಮತ್ತೆ ಬರುತ್ತದೆ. ನೀರು ಬೆಚ್ಚಗಿದ್ದಷ್ಟೂ ಈ ಚಕ್ರ ಬೇಗ ಉರುಳುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ. ಇನ್ನೊಂದು ಎಚ್ಚರಿಕೆ: ಲೋಚ್‌ಗಳ ಹುರುಪೆ ತೀರಾ ಸಣ್ಣವು. 1877ರಿಂದ ಬಟ್ಟೆ ಬಣ್ಣವಾಗಿ ಬಂದ ಮ್ಯಾಲಕೈಟ್ ಗ್ರೀನ್ ಇಂದಿಗೂ ಇಚ್‌ಗೆ ಮದ್ದು, ಆದರೆ ಲೋಚ್‌ಗಳಿಗೆ ಬಾಟಲಿಯ ಮೇಲಿರುವುದರ ಅರ್ಧ ಪ್ರಮಾಣದಿಂದ ಶುರು ಮಾಡುವುದು ರೂಢಿ.

ಎರಡನೇ ಶತ್ರು ಕಣ್ಣಿಗೆ ಕಾಣದ್ದು. ಮೀನು ಚೆನ್ನಾಗಿ ತಿನ್ನುತ್ತದೆ, ಆದರೆ ದಿನದಿನಕ್ಕೂ ಬೆನ್ನು ಕತ್ತಿಯಂತೆ ಸಣ್ಣಗಾಗುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ. ಹೊಳೆಯಿಂದ ಹಿಡಿದ ಮೀನಾದ್ದರಿಂದ ಹೊಟ್ಟೆಯಲ್ಲಿ ಹೊಳೆಯ ಜಂತುಹುಳುವೂ ಬಂದಿರುತ್ತದೆ. ಇದಕ್ಕೆ ಬಳಸುವ ಲೆವಮಿಸೋಲ್ 1966ರಲ್ಲಿ ಬೆಲ್ಜಿಯಂನ ಯಾನ್ಸನ್ ಕಂಪನಿಯಲ್ಲಿ ಹುಟ್ಟಿದ್ದು, ಕುರಿ-ದನಗಳಿಗೆ ಕುಡಿಸುವ ಔಷಧಿ. ಸಾಮಾನ್ಯವಾಗಿ ಹೇಳುವ ಪ್ರಮಾಣ ಲೀಟರಿಗೆ 2 ಮಿ.ಗ್ರಾಂ., 24 ಗಂಟೆ. ಬೆಳಕು ತಾಗಿದರೆ ಔಷಧಿ ಕೆಡುವುದರಿಂದ ತೊಟ್ಟಿಯ ಲೈಟು ಆರಿಸಿಡಬೇಕು. ಆಮೇಲೆ ತಳವನ್ನು ಚೆನ್ನಾಗಿ ಸೋಸಿ ನೀರು ಬದಲಿಸಬೇಕು. ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ.

ಕ್ವಾರಂಟೈನ್ ತೊಟ್ಟಿಗೆ ದೊಡ್ಡ ಖರ್ಚೇನಿಲ್ಲ. ಒಂದು ಸಾದಾ ಗಾಜಿನ ತೊಟ್ಟಿ, ತಳಕ್ಕೆ ಮರಳು ಬೇಡ. ಹಳೆಯ ತೊಟ್ಟಿಯಲ್ಲಿ ಮೊದಲೇ ಓಡಿಸಿಟ್ಟ ಸ್ಪಾಂಜ್ ಫಿಲ್ಟರ್, ಬಚ್ಚಿಟ್ಟುಕೊಳ್ಳಲು ಪಿವಿಸಿ ಪೈಪಿನ ತುಂಡುಗಳು, ಮೇಲೊಂದು ಮುಚ್ಚಳ. ಬಲೆ, ಬಕೆಟ್ ಬೇರೆ ಬೇರೆ. ಒಂದೇ ಲೋಚ್ ತರಬೇಡಿ, ಗುಂಪಿನಲ್ಲಿ ಬದುಕುವ ಜೀವ ಅದು, ಐದಾರಾದರೂ ಬೇಕು. ಕೆಲವೊಮ್ಮೆ ಸತ್ತ ಹಾಗೆ ಪಕ್ಕಕ್ಕೆ ವಾಲಿ ಮಲಗಿರುತ್ತವೆ. ಗಾಬರಿ ಬೇಡ, ಅವುಗಳ ನಿದ್ದೆಯೇ ಹಾಗೆ. ನಾಲ್ಕು ವಾರ ಸಾಕು ಅನ್ನುತ್ತಾರೆ. ನಾನು ರಗೂಸಾದವರಿಗೆ ಗೌರವ ಕೊಟ್ಟು ನಲವತ್ತೇ ಇಟ್ಟುಕೊಂಡಿದ್ದೇನೆ. ಜಂತುಹುಳುವಿನ ಎರಡನೇ ಸುತ್ತಿಗೂ ಅಷ್ಟು ದಿನ ಬೇಕಾಗುತ್ತದೆ.

ಬಂಗಾಳದ ಮೀನುಗಳಿಗೆ ಬೆಸ್ತರಿಟ್ಟ ಹೆಸರು ಶಾಸ್ತ್ರದ ಪುಸ್ತಕಕ್ಕೂ ಹೋಯಿತು, ನಮ್ಮ ತುಂಗೆಯ ಮೀನಿಗೆ ಲ್ಯಾಟಿನ್ ಹೆಸರು ಮಾತ್ರ ಸಿಕ್ಕಿತು. ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ ಕಡೆಯ ಬ್ಲಾಗಿಗರೇ, ಚಿಕ್ಕಂದಿನಲ್ಲಿ ಹೊಳೆಯಲ್ಲಿ ಕಲ್ಲು ಎತ್ತಿದಾಗ ಕೆಳಗಿನಿಂದ ಸರಕ್ಕನೆ ಓಡಿದ ಪಟ್ಟೆ ಮೀನು ನೆನಪಿದೆಯೇ? ಮನೆಯಲ್ಲಿ ಅಜ್ಜನೋ ಅತ್ತೆಯೋ ಅದಕ್ಕೆ ಏನಂತ ಹೇಳುತ್ತಿದ್ದರು? ಕೇಳಿ ಬರೆಯಿರಿ. ಮೀನು ಹೊಳೆಯಲ್ಲಿ ಇರುವಾಗಲೇ ಹೆಸರೂ ಇಲ್ಲಿ ದಾಖಲಾಗಲಿ.