ಹಲುದಾರನ ಮೀನುಗಳು

ಮೈಸೂರಿನ ಇತಿಹಾಸ ಓದುವವರಿಗೆ ಫ್ರಾನ್ಸಿಸ್ ಬುಕನನ್ ಗೊತ್ತು. ಮೀನುಗಾರಿಕೆ ಓದುವವರಿಗೆ ಹ್ಯಾಮಿಲ್ಟನ್ ಗೊತ್ತು. ಇವರಿಬ್ಬರೂ ಒಬ್ಬನೇ ಎಂಬುದು ಮಾತ್ರ ಎರಡೂ ಕಡೆಯ ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದ್ರಾಸಿನಿಂದ ಹೊರಟ ಈ ಸ್ಕಾಟ್ಲೆಂಡಿನ ವೈದ್ಯ ನಮ್ಮ ಮಾಗಡಿ, ಸಾವನದುರ್ಗಗಳನ್ನು ಹಾದುಹೋದ. ಇಲ್ಲಿಯ ಬೆಳೆ, ಕಾಡು, ಕಬ್ಬಿಣ ಕರಗಿಸುವ ಕುಲುಮೆಗಳ ಬಗ್ಗೆ ಕೇಳಿ ಬರೆದುಕೊಂಡ. 1801ರ ಆರಂಭದಲ್ಲಿ ಕನ್ನಡ ಕರಾವಳಿಯುದ್ದಕ್ಕೂ ಸಾಗಿದ. ಆ ಪ್ರವಾಸ 1807ರಲ್ಲಿ ಮೂರು ಸಂಪುಟಗಳ ಪುಸ್ತಕವಾಯಿತು. ಮುಂದೆ ತಾಯಿಯ ಮನೆತನದ ಆಸ್ತಿಯ ಜೊತೆಗೆ ಹ್ಯಾಮಿಲ್ಟನ್ ಎಂಬ ಹೆಸರೂ ಅವನಿಗೆ ಬಂತು. 1822ರಲ್ಲಿ ಎಡಿನ್‌ಬರೋದಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಅಚ್ಚಾದಾಗ ಅವನು ಹ್ಯಾಮಿಲ್ಟನ್ ಆಗಿದ್ದ.

ಹೀಗಾಗಿ ಅವನು ಮಾಗಡಿಗೆ ಇನ್ನೊಂದು ದಾರಿಯಲ್ಲೂ ಬಂದಿದ್ದಾನೆ. ಇವತ್ತು ನಮ್ಮ ಕೆರೆಗಳಲ್ಲಿ ಮರಿ ಬಿಟ್ಟು ಸಾಕುವ ಕಾಟ್ಲಾ, ರೋಹು ಮೀನುಗಳು ಅರ್ಕಾವತಿಯವಲ್ಲ, ಉತ್ತರದ ನದಿಗಳಿಂದ ತಂದವು. ವಿಜ್ಞಾನದ ಪುಸ್ತಕದಲ್ಲಿ ಅವೆರಡರ ಹೆಸರಿನ ಮುಂದೆಯೂ 'ಹ್ಯಾಮಿಲ್ಟನ್, 1822' ಎಂದಿರುತ್ತದೆ. ಬುಕನನ್ನನ ಪ್ರವಾಸಕಥನವನ್ನು ಆಕರವಾಗಿ ಬಳಸುವ ನನಗೆ, ಸಂತೆಯಲ್ಲಿ ತೂಕಕ್ಕೆ ಹಾಕುವ ಮೀನಿನ ಮೇಲೂ ಅವನ ಹೆಸರಿದೆ ಎಂಬುದು ಕುತೂಹಲ ಹುಟ್ಟಿಸಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇನ್ನೊಬ್ಬನ ಹೆಸರು.

ಮೈಸೂರಿಗೆ ಬರುವ ಮೊದಲೇ, 1790ರ ದಶಕದಲ್ಲಿ, ಬುಕನನ್ ಮೇಘನಾ ನದಿ ಸಮುದ್ರಕ್ಕೆ ಹತ್ತಿರವಾಗುವ ಲಕ್ಷ್ಮೀಪುರದಲ್ಲಿದ್ದು ಮೀನುಗಳ ಅಧ್ಯಯನ ಶುರುಮಾಡಿದ್ದ. ಆಮೇಲೆ ಬ್ಯಾರಕ್‌ಪುರದಲ್ಲಿ ವೆಲ್ಲೆಸ್ಲಿ ತೆರೆದ ಪ್ರಾಣಿ ಸಂಗ್ರಹಾಲಯದ ಹೊಣೆ ಅವನದಾಯಿತು. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸಮೀಕ್ಷೆ ನಡೆಸಿದ. ಅವನಿಗಾಗಿ ಪ್ರಾಣಿ, ಪಕ್ಷಿ, ಮೀನುಗಳನ್ನು ನೋಡಿ ನೋಡಿ ಚಿತ್ರಿಸಿದವನು ಹಲುದಾರ್ ಎಂಬ ಬಂಗಾಳಿ ಕಲಾವಿದ.

ಹೆಸರಿಗೆ ಗಂಗೆಯ ಪುಸ್ತಕವಾದರೂ ಅದರಲ್ಲಿ ಅಳಿವೆಯ ಮೀನುಗಳಿವೆ, ಸಮುದ್ರದ ಮೀನುಗಳಿವೆ. ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ಏರಿಬರುವ ಹಿಲ್ಸಾ ಇದೆ. ಕರಾವಳಿಯವರು ಒಣಗಿಸಿಟ್ಟುಕೊಳ್ಳುವ ಬೊಂಬಿಲ್ ಇದೆ. ಕಣ್ಣನ್ನು ನೀರಿನ ಮೇಲಿಟ್ಟು ಈಜುವ ಕೊರ್ಸುಲಾ ಇದೆ.

ಮೀನನ್ನು ನೋಡಿ ಬರೆಯುವುದು ಗಡಿಯಾರದ ಜೊತೆ ಓಡುವ ಕೆಲಸ. ನೀರಿನಿಂದ ತೆಗೆದ ಸ್ವಲ್ಪ ಹೊತ್ತಿಗೆ ಅದರ ಬಣ್ಣ ಮಾಸತೊಡಗುತ್ತದೆ. ಬಂಗಾಳದ ಸೆಕೆಗೆ ಕೊಳೆಯುವುದಕ್ಕೂ ತಡವಿಲ್ಲ. ಸಾರಾಯಿಯಲ್ಲಿ ಅದ್ದಿಟ್ಟರೆ ಆಕಾರ ಉಳಿದೀತು, ಬಣ್ಣ ಉಳಿಯದು. ಅಷ್ಟರೊಳಗೆ ಹುರುಪೆಗಳ ಸಾಲು, ಈಜುರೆಕ್ಕೆಯ ಕಡ್ಡಿಗಳು, ಬಾಯಿಯ ಓರೆ, ಕಿವಿರಿನ ಅಂಚು ಎಲ್ಲ ಕಾಗದಕ್ಕೆ ಇಳಿಯಬೇಕು. ಒಂದು ಕಡ್ಡಿ ಹೆಚ್ಚುಕಡಿಮೆಯಾದರೆ ಮೀನೇ ಬೇರೆಯಾಗಬಹುದು.

ಈ ನಿಖರತೆಗೆ ಇನ್ನೂ ಒಂದು ಬೆಲೆಯಿದೆ. ಹೊಸ ಪ್ರಭೇದವನ್ನು ಹೆಸರಿಸುವ ವಿಜ್ಞಾನಿ ಸಾಮಾನ್ಯವಾಗಿ ಒಂದು ಮಾದರಿ ಜೀವಿಯನ್ನು ಕಾಪಿಟ್ಟಿರುತ್ತಾನೆ. ಸಂದೇಹ ಬಂದವರು ಅದನ್ನು ತೆಗೆದು ನೋಡಬಹುದು. ಆದರೆ ಹ್ಯಾಮಿಲ್ಟನ್ ವರ್ಣಿಸಿದ 260ಕ್ಕೂ ಹೆಚ್ಚು ಮೀನುಗಳಲ್ಲಿ ಬಹುಪಾಲಿಗೆ ಅಂಥ ಮಾದರಿ ಉಳಿದಿಲ್ಲ. ಉಳಿದಿರುವುದು ಅವನ ಮಾತು ಮತ್ತು ಚಿತ್ರ. ಅಂದರೆ ಹಲುದಾರನ ಕೈಬರಹ ಇಲ್ಲಿ ಅಲಂಕಾರವಲ್ಲ, ಸಾಕ್ಷಿ.

ಆ ಸಾಕ್ಷಿಗೂ ಕಷ್ಟ ತಪ್ಪಲಿಲ್ಲ. 1815ರಲ್ಲಿ ಬುಕನನ್ ಭಾರತ ಬಿಟ್ಟು ಹೊರಟಾಗ ಗವರ್ನರ್ ಜನರಲ್ ಲಾರ್ಡ್ ಮೊಯಿರಾ ಚಿತ್ರಗಳನ್ನು ಒಯ್ಯಲು ಬಿಡಲಿಲ್ಲ. ಅವು ಕಂಪನಿಯ ಸೊತ್ತು ಎಂಬ ವಾದ. ಬುಕನನ್ ಇದನ್ನು ಅನ್ಯಾಯವೆಂದೇ ಭಾವಿಸಿದ. ಚಿತ್ರ ಯಾರದು ಎಂಬ ಆ ಜಗಳದಲ್ಲಿ ಕಂಪನಿಯೂ ಇತ್ತು, ಬುಕನನ್ನೂ ಇದ್ದ, ಬರೆದವನು ಇರಲಿಲ್ಲ. 1822ರ ಪುಸ್ತಕದಲ್ಲಿ 39 ಪುಟಗಳ ಚಿತ್ರಗಳು ಬಣ್ಣವಿಲ್ಲದೆ ಅಚ್ಚಾದವು. ಬಣ್ಣದ ಚಿತ್ರಗಳು ಪುಸ್ತಕವಾಗಿ ಓದುಗರ ಕೈಗೆ ಬಂದದ್ದು 2019ರಲ್ಲಿ, ರಾಲ್ಫ್ ಬ್ರಿಟ್ಜ್ ಸಿದ್ಧಪಡಿಸಿ ಲಂಡನ್ನಿನ ರೇ ಸೊಸೈಟಿ ಹೊರತಂದ ಆವೃತ್ತಿಯಲ್ಲಿ.

ಒಂದು ವಿಷಯದಲ್ಲಿ ಹ್ಯಾಮಿಲ್ಟನ್ ಉದಾರಿ. ಮೀನುಗಳಿಗೆ ತನ್ನ ಗೆಳೆಯರ, ದೊರೆಗಳ ಹೆಸರನ್ನು ಅಂಟಿಸುವ ಬದಲು ಸ್ಥಳೀಯರ ಬಾಯಲ್ಲಿದ್ದ ಹೆಸರುಗಳನ್ನೇ ಹೆಚ್ಚಾಗಿ ಉಳಿಸಿಕೊಂಡ. ಇಲಿಶ, ರೋಹಿತ, ಕಾಟ್ಲಾ, ಮೃಗಾಲ, ಕಾಲ್ಬಾಸು ಎಲ್ಲವೂ ವಿಜ್ಞಾನದ ಲ್ಯಾಟಿನ್ನಿನೊಳಗೆ ಹೋಗಿ ಕೂತವು. ಬೆಸ್ತರ ನುಡಿಗೆ ಸಿಕ್ಕ ಆ ಜಾಗ ಚಿತ್ರಕಾರನಿಗೆ ಸಿಗಲಿಲ್ಲ.

ಇದನ್ನು ಕಾಲದ ರೂಢಿ ಎಂದು ತಳ್ಳಿಹಾಕುವಂತಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಸಾವನದುರ್ಗವನ್ನು ಹಿಡಿಯಿತು. ಆ ದಂಡಿನ ಜೊತೆ ಬಂದು ಬೆಟ್ಟವನ್ನು ಚಿತ್ರಿಸಿದ ರಾಬರ್ಟ್ ಹೋಮ್‌ನ ಹೆಸರು 1794ರ ಅವನ ಪುಸ್ತಕದ ಮೇಲೇ ಅಚ್ಚಾಯಿತು. ಬೆಟ್ಟ ಬರೆದ ಇಂಗ್ಲಿಷರವನು ಕಲಾವಿದ, ಮೀನು ಬರೆದ ಬಂಗಾಳಿ ಕೂಲಿಯವನು. ಇದು ಕಾಲದ ರೂಢಿಗಿಂತ ಅಧಿಕಾರದ ರೂಢಿ.

ಮಾಗಡಿಯ ಬಗ್ಗೆ ಬರೆಯುವ ನಮ್ಮಂಥವರಿಗೂ ಇದರಲ್ಲಿ ಪಾಠವಿದೆ. 'ಬುಕನನ್ ಹೇಳುತ್ತಾನೆ' ಎಂದು ಅಡಿಟಿಪ್ಪಣಿ ಹಾಕಿ ಮುಂದೆ ಹೋಗುತ್ತೇವೆ. ಕುಲುಮೆಯ ಲೆಕ್ಕವನ್ನು ಅವನಿಗೆ ಹೇಳಿದವರು ಇಲ್ಲಿನ ಕಮ್ಮಾರರು, ಬೆಳೆಯ ಲೆಕ್ಕ ಹೇಳಿದವರು ಇಲ್ಲಿನ ಒಕ್ಕಲು ಮಕ್ಕಳು. ಅವರ ಹೆಸರುಗಳನ್ನು ಈಗ ಹುಡುಕಿ ತರುವುದು ಕಷ್ಟ. ಹಲುದಾರನ ಹೆಸರು ಉಳಿದಿದೆ. ಆ ಮೀನುಗಳ ಚಿತ್ರವನ್ನು ತರಗತಿಯಲ್ಲೋ ಪತ್ರಿಕೆಯಲ್ಲೋ ತೋರಿಸುವಾಗ ಕೆಳಗೆ 'ಹ್ಯಾಮಿಲ್ಟನ್, 1822' ಎಂದಿರಲಿ. ಪಕ್ಕದಲ್ಲಿ 'ಚಿತ್ರ: ಹಲುದಾರ್' ಎಂದೂ ಇರಲಿ.