ಹಾಲೂಡುವ ನೋವು, ನಾಲಿಗೆಯ ಕಟ್ಟು

‘ಮೊದಮೊದಲು ನೋಯುತ್ತೆ, ತಡ್ಕೊ’ ಎಂಬ ಮಾತು ಕೇಳದ ಬಾಣಂತಿ ಅಪರೂಪ. ಈಚೆಗೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತಿದೆ: ‘ಮಗುವಿನ ನಾಲಿಗೆ ಅಂಟಿಕೊಂಡಿದೆ, ಬಿಡಿಸಿಬಿಡಿ.’ ಮೊದಲನೆಯದು ನೋವನ್ನು ಲೆಕ್ಕಕ್ಕೇ ಇಡುವುದಿಲ್ಲ. ಎರಡನೆಯದು ಎಲ್ಲ ನೋವಿಗೂ ಒಂದೇ ಕಾರಣ ಹೇಳುತ್ತದೆ. ಎರಡೂ ಹೇಗೆ ಹುಟ್ಟಿದವು, ಎಷ್ಟರಮಟ್ಟಿಗೆ ನಿಂತವು ಎಂಬುದನ್ನು ಕಳೆದ ಎಂಟು ದಶಕಗಳ ವೈದ್ಯಕೀಯ ಬರಹಗಳಲ್ಲಿ ನೋಡಬಹುದು.

ಒಂದು ಕಾಲಕ್ಕೆ ತಪ್ಪೆಲ್ಲ ತಾಯಿಯ ಚರ್ಮದ್ದು ಎಂದು ತಿಳಿದಿದ್ದರು. ಒರಟು ಟವೆಲಿನಿಂದ ತೊಟ್ಟು ಉಜ್ಜಿ ಗಟ್ಟಿಮಾಡಿಕೊಳ್ಳಿ, ಇಷ್ಟೇ ನಿಮಿಷ ಹಾಲೂಡಿಸಿ ಎಂದು ಬಸುರಿ ಬಾಣಂತಿಯರಿಗೆ ಹೇಳುತ್ತಿದ್ದರು. 1945ರಲ್ಲಿ ಬ್ರಿಟನ್ನಿನ ಮೇವಿಸ್ ಗುಂಥರ್ ‘ಲ್ಯಾನ್ಸೆಟ್’ನಲ್ಲಿ ಮಗು ಮೊಲೆ ಹಿಡಿಯುವ ರೀತಿಯತ್ತ ಬೆರಳು ತೋರಿದರು. 1958ರಲ್ಲಿ ಆರ್ಡ್ರಾನ್ ಮತ್ತು ಸಂಗಡಿಗರು ತೊಟ್ಟಿಗೆ ಬೇರಿಯಂ ಲೇಪಿಸಿ, ಮಗು ಹಾಲು ಕುಡಿಯುವುದನ್ನು ಎಕ್ಸ್‌ರೇ ಚಲನಚಿತ್ರದಲ್ಲಿ ಹಿಡಿದರು. ನಾಲಿಗೆಯೇ ಹಾಲನ್ನು ಒತ್ತಿ ಹಿಂಡುತ್ತದೆ ಎಂಬ ತಿಳಿವಳಿಕೆಗೆ ಅದು ಬಲ ಕೊಟ್ಟಿತು. ತೊಟ್ಟು ಹುಣ್ಣಾಗುವುದಕ್ಕೂ ಹಿಡಿತಕ್ಕೂ ಇರುವ ನಂಟನ್ನು ಮೈಕೆಲ್ ವುಲ್ರಿಜ್ 1986ರಲ್ಲಿ ವಿವರಿಸಿದರು.

ಆ ಹಿಡಿತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬರೀ ತೊಟ್ಟನ್ನು ಕಚ್ಚಿದ ಮಗು ಅದನ್ನು ಬಾಯಿಯ ಗಟ್ಟಿ ಅಂಗುಳಕ್ಕೆ ಅದುಮುತ್ತದೆ. ಕುಡಿದು ಬಿಟ್ಟ ಮೇಲೆ ತೊಟ್ಟು ಓರೆ ಕೆತ್ತಿದ ಬಿದಿರಿನ ಲೇಖನಿಯ ತುದಿಯಂತೆ ಚಪ್ಪಟೆಯಾಗಿರುತ್ತದೆ, ಕೆಲವೊಮ್ಮೆ ಬಿಳುಚಿಕೊಂಡಿರುತ್ತದೆ. ಬಾಯಿ ಅಗಲ ತೆರೆದು, ಗದ್ದ ಮೊಲೆಗೆ ಒತ್ತಿ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋದರೆ ತೊಟ್ಟು ಹಿಂದಿನ ಮೆತ್ತಗಿನ ಜಾಗಕ್ಕೆ ತಲುಪುತ್ತದೆ. ಎಷ್ಟೋ ತಾಯಂದಿರ ನೋವು ಇಷ್ಟು ತಿದ್ದಿದರೇ ಇಳಿಯುತ್ತದೆ.

ಎಲ್ಲರದೂ ಇಳಿಯುವುದಿಲ್ಲ. ನಾಲಿಗೆಯ ಕಥೆ ಶುರುವಾಗುವುದು ಇಲ್ಲಿಂದ. ನಾಲಿಗೆಯಡಿಯ ಪೊರೆ ಎಲ್ಲರಿಗೂ ಇರುತ್ತದೆ. ಅದು ಗಿಡ್ಡವಾಗಿಯೋ ಬಿಗಿಯಾಗಿಯೋ ಇದ್ದು ನಾಲಿಗೆಯ ಚಲನೆಯನ್ನು ತಡೆದಾಗ ಮಾತ್ರ ಅದು ಟಂಗ್-ಟೈ, ಅಂದರೆ ನಾಲಿಗೆಯ ಕಟ್ಟು. ಬಾಟಲಿ ಹಾಲಿನ ಕಾಲದಲ್ಲಿ ಇದನ್ನು ಕೇಳುವವರು ಕಡಿಮೆಯಾಗಿದ್ದರು. ಎದೆಹಾಲಿಗೆ ಮತ್ತೆ ಮನ್ನಣೆ ಬಂದಂತೆ ಪ್ರಶ್ನೆಯೂ ಮರಳಿತು. 1993ರಲ್ಲಿ ಹೇಜಲ್‌ಬೇಕರ್ ನಾಲಿಗೆಯ ಚಲನೆಯನ್ನು ಅಳೆಯುವ ಪಟ್ಟಿ ರೂಪಿಸಿದರು. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಪೊರೆ ಕತ್ತರಿಸಿದ 28 ಶಿಶುಗಳ ಪೈಕಿ 27 ಸುಧಾರಿಸಿದವು. ಸಲಹೆಯಷ್ಟೇ ಸಿಕ್ಕ 29ರಲ್ಲಿ ಸುಧಾರಿಸಿದ್ದು ಒಂದೇ. ಆದರೆ ಆ ತೀರ್ಮಾನ ನಿಂತದ್ದು, ತಮ್ಮ ಮಗುವಿಗೆ ಕತ್ತರಿಸಿದ್ದಾರೋ ಇಲ್ಲವೋ ಎಂದು ಗೊತ್ತಿದ್ದ ತಾಯಂದಿರ ಮಾತಿನ ಮೇಲೆ.

ಆಮೇಲೆ ಕತ್ತರಿಗೆ ಬಿಡುವಿಲ್ಲದಾಯಿತು. ಕಣ್ಣಿಗೆ ಕಾಣದ ‘ಹಿಂಬದಿಯ ಕಟ್ಟು’ ಬಂತು, ತುಟಿಯ ಕಟ್ಟು ಬಂತು, ಕೆನ್ನೆಯ ಕಟ್ಟೂ ಬಂತು. ಕತ್ತರಿಯ ಜೊತೆಗೆ ಲೇಸರ್ ಸೇರಿತು. ಅಮೆರಿಕದ ಆಸ್ಪತ್ರೆಗಳಲ್ಲಿ ದಾಖಲಾದ ಮಕ್ಕಳ ಲೆಕ್ಕದಲ್ಲಿ 1997ರಲ್ಲಿ 3,934 ಇದ್ದ ಟಂಗ್-ಟೈ 2012ಕ್ಕೆ 32,837 ಆಯಿತು. ಹದಿನೈದು ವರ್ಷದಲ್ಲಿ ಮಕ್ಕಳ ನಾಲಿಗೆ ಬದಲಾಗಿರಲಿಕ್ಕಿಲ್ಲ, ನೋಡುವವರ ಕಣ್ಣು ಬದಲಾಗಿತ್ತು.

ಮರುಪರಿಶೀಲನೆಯೂ ಹಿಂದೆಯೇ ಬಂತು. ಹಾಲು ಹರಿಯುವಲ್ಲಿ ಬಾಯೊಳಗಿನ ನಿರ್ವಾತಕ್ಕೆ ಮುಖ್ಯ ಪಾತ್ರವಿದೆ ಎಂದು ಆಸ್ಟ್ರೇಲಿಯಾದ ಡೊನ್ನಾ ಗೆಡ್ಡೆಸ್ 2008ರಲ್ಲಿ ಅಲ್ಟ್ರಾಸೌಂಡ್ ಮೂಲಕ ತೋರಿಸಿದರು. ಹಿಂಡುವ ಸಿದ್ಧಾಂತ ಸಡಿಲವಾಯಿತು. 302 ಶಿಶುಗಳ ಐದು ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಕತ್ತರಿಸಿದರೆ ತಾಯಿಯ ನೋವು ಆ ಹೊತ್ತಿಗೆ ತಗ್ಗುತ್ತದೆ. ಮಗು ಚೆನ್ನಾಗಿ ಕುಡಿಯುತ್ತದೆ ಎಂಬುದಕ್ಕೆ ಸ್ಥಿರವಾದ ಪುರಾವೆಯಿಲ್ಲ. 2019ರಲ್ಲಿ ನ್ಯೂಜಿಲೆಂಡಿನ ನಿಕ್ಕಿ ಮಿಲ್ಸ್, ಪೊರೆಯೆಂಬುದು ಬಿಡಿ ದಾರವಲ್ಲ, ಬಾಯಿಯ ತಳದ ಪದರವೇ ಮೇಲೆದ್ದು ಆಗುವ ಮಡಿಕೆ ಎಂದು ತೋರಿಸಿದರು. ಅದೇ ವರ್ಷ ಬಾಸ್ಟನ್ನಿನಲ್ಲಿ, ಕತ್ತರಿಸಲೆಂದು ಕಳಿಸಿದ್ದ 115 ಶಿಶುಗಳು ಹಾಲು ಕುಡಿಯುವುದನ್ನು ತಜ್ಞರ ತಂಡ ಪರೀಕ್ಷಿಸಿದಾಗ 72ಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ.

2023ರಲ್ಲಿ ಬ್ರಿಟನ್ನಿನ ಫ್ರಾಸ್ಟಿ ಪ್ರಯೋಗದ ವರದಿ ಬಂತು. ಮೂರು ತಿಂಗಳಲ್ಲಿ ಎದೆಹಾಲು ಕುಡಿಯುವ ಮಕ್ಕಳ ಪ್ರಮಾಣ ಪೊರೆ ಕತ್ತರಿಸುವ ಗುಂಪಿನಲ್ಲೂ ಸಲಹೆಯ ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಸಲಹೆಯಷ್ಟೇ ಕೊಡಬೇಕಿದ್ದ ಗುಂಪಿನ ಬಹುಪಾಲು ಮಕ್ಕಳಿಗೂ ಕೊನೆಗೆ ಕತ್ತರಿಸಿದ್ದರಿಂದ ಉತ್ತರ ಖಚಿತವಾಗಲಿಲ್ಲ. 2024ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದ್ದು ಇಷ್ಟು: ನಿಜವಾಗಿ ಅಡ್ಡಿಯಿದ್ದಲ್ಲಿ ಕತ್ತರಿಸುವುದು ಸರಿ, ಮೊದಲು ಬೇರೆ ಕಾರಣ ಹುಡುಕಿ; ಎದೆಹಾಲಿನ ತೊಂದರೆಗೆಂದು ತುಟಿ, ಕೆನ್ನೆಯ ಪೊರೆ ಕತ್ತರಿಸಲು ಪುರಾವೆಯಿಲ್ಲ. ‘ಈಗಲೇ ಬಿಡಿಸದಿದ್ದರೆ ಮಗುವಿಗೆ ಮಾತು ಬರದು’ ಎಂಬ ನಮ್ಮ ಮನೆಗಳ ಹೆದರಿಕೆಗೂ ಆಧಾರವಿಲ್ಲ.

ಹಾಗಾಗಿ ಕೆಲವು ದಿನ ಕಳೆದರೂ ಇಳಿಯದ ನೋವು ತಡೆದುಕೊಳ್ಳಬೇಕಾದ್ದಲ್ಲ, ಸಹಾಯ ಕೇಳಬೇಕಾದ್ದು. ತೊಟ್ಟು ಬಿರಿದಿದ್ದರೆ, ಮಗುವಿನ ತೂಕ ಏರದಿದ್ದರೆ ಕಾಯಬೇಡಿ. ಮಗುವಿನ ನಾಲಿಗೆ ಎತ್ತಿ ಟಾರ್ಚ್ ಬಿಡುವ ಮೊದಲು, ಒಂದು ಸರ್ತಿ ಪೂರ್ತಿ ಹಾಲೂಡುವಷ್ಟು ಹೊತ್ತು ನಿಮ್ಮ ಪಕ್ಕದಲ್ಲಿ ಕೂತು ನೋಡಿ ಎಂದು ನರ್ಸನ್ನೋ ವೈದ್ಯರನ್ನೋ ಕೇಳಿ.